ಬಾಲದ ಹಿಂದೆ ನಿಂತು

ಆ ದಿನ ಬೆಳಿಗ್ಗೆ ಐದೂವರೆಗೆ ನಿಂಗರಾಜು ಜ್ವರದ ಮಾತ್ರೆ ನುಂಗಿದ್ದನ್ನು ಯಾರೂ ನೋಡಲಿಲ್ಲ. ಹೆಂಡತಿ ರಾಚಮ್ಮ ಹಿತ್ತಲಲ್ಲಿ ಪಾತ್ರೆ ಉಜ್ಜುತ್ತಿದ್ದಳು. ಟೀಪುಡಿ ಡಬ್ಬದ ಹಿಂದಿನಿಂದ ಮಾತ್ರೆಯ ಸ್ಟ್ರಿಪ್ ತೆಗೆದು, ಒಂದನ್ನು ಬಿಡಿಸಿ ನೀರಿಲ್ಲದೆಯೇ ನುಂಗಿ, ಸ್ಟ್ರಿಪ್ಪನ್ನು ಇದ್ದ ಜಾಗದಲ್ಲೇ ಇಟ್ಟ. ಮೈ ಸ್ವಲ್ಪ ಬೆಚ್ಚಗಿತ್ತು, ಅಷ್ಟೆ. ಮೇ ತಿಂಗಳ ಸೆಖೆಯಲ್ಲಿ ಯಾರ ಮೈ ಬೆಚ್ಚಗಿರುವುದಿಲ್ಲ? ಆಮೇಲೆ ಮುಖ ತೊಳೆದು, ಜೇಬಿಗೆ ಟೆಸ್ಟರು, ಇಕ್ಕಳ ಹಾಕಿಕೊಂಡು, ಮೂಲೆ ಅಂಗಡಿಯ ಮುಂದೆ ಹಾಲಿನ ವ್ಯಾನಿಗೆ ಕಾಯುತ್ತ ನಿಂತ. ನಂಜನಗೂಡಿನಿಂದ ತಿ. ನರಸೀಪುರಕ್ಕೆ ಬಸ್ಸಿಲ್ಲದ ಲಾಕ್‌ಡೌನ್ ಕಾಲ. ಹಾಲಿನ ವ್ಯಾನಿಗೆ ಮಾತ್ರ ಪಾಸಿತ್ತು, ಅದರ ಡ್ರೈವರ್ ಮಾದೇಶನಿಗೆ ನಿಂಗರಾಜುವಿನ ಮೇಲೆ ಒಂದಿಷ್ಟು ಅಕ್ಕರೆಯಿತ್ತು.

ಎರಡು ತಿಂಗಳಾದ ಮೇಲೂ ಆ ಮಾತ್ರೆ ಗಂಟಲಿನಿಂದ ಕೆಳಗಿಳಿದೇ ಇಲ್ಲವೇನೋ ಎಂದು ನಿಂಗರಾಜುವಿಗೆ ಅನ್ನಿಸುತ್ತಿತ್ತು.

ನಿಂಗರಾಜು ಕೆಇಬಿಯಲ್ಲಿ ಮೂವತ್ತೆರಡು ವರ್ಷ ಲೈನ್‌ಮನ್ ಆಗಿದ್ದವನು. ಕಂಬ ಹತ್ತುವುದು ಬಿಟ್ಟರೆ ತಲೆ ಎತ್ತಿ ಆಕಾಶ ನೋಡಲು ಅವನಿಗೆ ಬೇರೆ ಕಾರಣ ಇರಲಿಲ್ಲ. ಹತ್ತು ವರ್ಷದ ಹಿಂದೆ ಒಂದು ಭಾನುವಾರ, ಕವಲಂದೆ ಕಡೆ ಲೈನಿನ ಮೇಲೆ ದೊಡ್ಡ ಹಕ್ಕಿ ಸಿಕ್ಕಿಹಾಕಿಕೊಂಡಿದೆ ಎಂದು ಫೋನು ಬಂತು. ಹೋಗಿ ನೋಡಿದರೆ ಹಕ್ಕಿಯಲ್ಲ, ಮೂರೂವರೆ ಅಡಿ ರೆಕ್ಕೆಯ ಹಳದಿ ವಿಮಾನ. ಕಂಬದ ಬುಡದಲ್ಲಿ ಕನ್ನಡಕ ಹಾಕಿಕೊಂಡ ತೆಳ್ಳನೆಯ ಒಬ್ಬರು, ತಪ್ಪು ಮಾಡಿ ಸಿಕ್ಕಿಬಿದ್ದ ಹುಡುಗನ ಹಾಗೆ ರಿಮೋಟನ್ನು ಬೆನ್ನ ಹಿಂದೆ ಹಿಡಿದುಕೊಂಡು ನಿಂತಿದ್ದರು. ತಿ. ನರಸೀಪುರದ ಸರ್ಕಾರಿ ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು, ಮಂಟೇಸ್ವಾಮಿ.

ನಿಂಗರಾಜು ಲೈನು ಆಫ್ ಮಾಡಿಸಿ, ಹತ್ತಿ, ವಿಮಾನ ಇಳಿಸಿ ಕೊಟ್ಟ. ಕೊಡುವಾಗ ಸುಮ್ಮನಿರಲಿಲ್ಲ.

"ಏನ್ ಸಾ ಇದು? ಮೀಸೆ ಬೆಳ್ಳಗಾಗೋ ಒತ್ನಲ್ಲಿ ಆಟದ ಸಾಮಾನು?"

"ಒಂದು ಸಲ ಹಾರಿಸಿ ನೋಡಿ ಅಣ್ಣ. ಆಮೇಲೂ ಹೀಗೇ ಕೇಳಿದರೆ ಇದನ್ನ ನಿಮ್ಮೆದುರೇ ಮುರಿದು ಹಾಕ್ತೀನಿ."

ಮುರಿಯುವ ಪ್ರಸಂಗ ಬರಲಿಲ್ಲ. ಅವತ್ತಿನಿಂದ ಪ್ರತಿ ಭಾನುವಾರ ಬೆಳಿಗ್ಗೆ ನಿಂಗರಾಜು ಕವಲಂದೆಯ ಹತ್ತಿರದ ಒಣಗಿದ ಕೆರೆಯ ಅಂಗಳದಲ್ಲಿರುತ್ತಿದ್ದ. ಪಕ್ಕದ ಹೊಲದ ತಿಮ್ಮಯ್ಯನೂ ಸೇರಿಕೊಂಡ. ನಂಜನಗೂಡಿನಲ್ಲಿ ಚೌಟ್ರಿ ಇಟ್ಟಿದ್ದ ರಾಜೇಂದ್ರ ಸೇರಿದ. ಹೀಗೆ ಆರು ಜನರಾದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದು ರಾಚಮ್ಮ ಅಂದರೂ, ಭಾನುವಾರ ಬೆಳಗಾದರೆ ಆರು ಜನಕ್ಕಾಗುವಷ್ಟು ಉಪ್ಪಿಟ್ಟು ಕಟ್ಟಿ ಕಳಿಸುತ್ತಿದ್ದವಳು ಅವಳೇ.

ಈ ಆರು ಜನರಲ್ಲಿ ಒಂದು ಕಟ್ಟಳೆಯಿತ್ತು, ಮಾಡಿದವರು ಮೇಷ್ಟ್ರು. ಹೊಸ ವಿಮಾನ ಕಟ್ಟಿದವನು ಅದರ ಮೊದಲ ಹಾರಾಟಕ್ಕೆ ರಿಮೋಟ್ ಹಿಡಿಯಕೂಡದು, ಇನ್ನೊಬ್ಬ ಹಿಡಿಯಬೇಕು. ಹಾರಿಸುವ ಮುಂಚೆ ಒಬ್ಬರು ವಿಮಾನದ ಬಾಲದ ಹಿಂದೆ ನಿಲ್ಲಬೇಕು. ರಿಮೋಟಿನವನು ಕಡ್ಡಿಯನ್ನು ಬಲಕ್ಕೆ ಒತ್ತಿದರೆ, ರೆಕ್ಕೆಯ ಹಿಂಬದಿಯ ಬಲಗಡೆ ಪಟ್ಟಿ ಮೇಲೇಳಬೇಕು, ಎಡಗಡೆಯದು ಇಳಿಯಬೇಕು. ಎಡಕ್ಕೆ ಒತ್ತಿದರೆ ಅದರ ತಿರುಗುಮುರುಗು. ಹಿಂದೆ ನಿಂತವರು ತಾವು ಕಂಡದ್ದನ್ನು ಗಟ್ಟಿಯಾಗಿ ಕೂಗಿ ಹೇಳಬೇಕು.

"ಕಂಡಿದ್ದು ಹೇಳಿ. ಬೇಕಾದ್ದು ಹೇಳಬೇಡಿ," ಎನ್ನುತ್ತಿದ್ದರು ಮೇಷ್ಟ್ರು. "ಎಲ್ಲರಿಗೂ ವಿಮಾನ ಹಾರಲಿ ಅಂತಲೇ ಆಸೆ. ಆಸೆ ಇದ್ದವರ ಕಣ್ಣಿಗೆ ಎಲ್ಲಾ ಸರಿಯಾಗೇ ಕಾಣುತ್ತೆ."

ಕೊರೊನಾದ ಮೊದಲನೇ ವರ್ಷದ ಲಾಕ್‌ಡೌನ್ ಬಂದದ್ದೂ ಒಂದು ಭಾನುವಾರದಿಂದಲೇ. ಶನಿವಾರ ಸಂಜೆ ಆರೂ ಜನ ವಾಡಿಕೆಯಂತೆ ಬ್ಯಾಟರಿಗಳನ್ನು ಪೂರ್ತಿ ಚಾರ್ಜ್ ಮಾಡಿ ಇಟ್ಟುಕೊಂಡಿದ್ದರು. ಭಾನುವಾರ ಕರ್ಫ್ಯೂ ಅಂದರು. ಇವತ್ತೊಂದು ದಿನ ತಾನೆ, ಬರುವ ವಾರ ಹೋದರಾಯಿತು ಅಂದುಕೊಂಡರು. ಆ ಬರುವ ವಾರ ಬರಲೇ ಇಲ್ಲ. ಈ ಬ್ಯಾಟರಿಗಳ ಗುಣ ಎಂಥದೆಂದರೆ, ತುಂಬಿಸಿ ಸುಮ್ಮನೆ ಇಟ್ಟರೆ ಹೊಟ್ಟೆ ಉಬ್ಬರಿಸಿಕೊಳ್ಳುತ್ತವೆ, ಕೆಲವು ಹೊತ್ತಿಯೂ ಕೊಳ್ಳುತ್ತವೆ. ಅರ್ಧಕ್ಕೆ ಇಳಿಸಿ ಇಡಬೇಕು. ಆತಂಕದಲ್ಲಿ ಅದು ಯಾರಿಗೂ ನೆನಪಾಗಲಿಲ್ಲ. ಮೂರನೇ ವಾರ ನಿಂಗರಾಜು ಬೀರು ತೆಗೆದರೆ ನಾಲ್ಕೂ ಬ್ಯಾಟರಿ ಹಪ್ಪಳದಂತೆ ಉಬ್ಬಿದ್ದವು.

"ಅವುಕ್ಕೂ ಬಂತಾ ಕಾಯಿಲೆ?" ಎಂದಳು ರಾಚಮ್ಮ. ಆಮೇಲೆ ತಾನೇ ಬಕೆಟಿನಲ್ಲಿ ಮರಳು ತುಂಬಿಕೊಂಡು ಬಂದು ಅವನ್ನು ಹಿತ್ತಲಲ್ಲಿ ಹೂತಳು.

ಆ ದಿನಗಳನ್ನು ಆರು ಜನ ಆರು ಥರ ನೂಕಿದರು. ಮದುವೆಗಳಿಲ್ಲದೆ ಬಿಕೋ ಎನ್ನುತ್ತಿದ್ದ ತನ್ನ ಚೌಟ್ರಿಯಲ್ಲಿ ರಾಜೇಂದ್ರ, ಅಂಗೈಯಗಲದ ಕಾಗದದಂಥ ವಿಮಾನವೊಂದನ್ನು ಊಟದ ಹಾಲಿನ ಈ ತುದಿಯಿಂದ ಆ ತುದಿಗೆ ಹಾರಿಸಿ ವಿಡಿಯೋ ಕಳಿಸುತ್ತಿದ್ದ. ಕಂಪ್ಯೂಟರಿನಲ್ಲಿ ಹಾರಿಸುವ ಆಟದಲ್ಲಿ ಒಬ್ಬ ಮುಳುಗಿದ. ಕೆಲಸ ಹೋದ ಇನ್ನೊಬ್ಬ ಇದ್ದ ಮೂರು ವಿಮಾನ ಮಾರಿ ವಾಟ್ಸಾಪ್ ಗ್ರೂಪಿನಿಂದ ಸದ್ದಿಲ್ಲದೆ ಹೊರಹೋದ. ಅವನು ಹೋದದ್ದನ್ನು ಎಲ್ಲರೂ ಕಂಡರು, ಯಾರೂ ಏನೂ ಬರೆಯಲಿಲ್ಲ. ಮೇಷ್ಟ್ರು ಮಾತ್ರ ಅವನಿಗೆ ಫೋನು ಮಾಡಿ ಅರ್ಧ ಗಂಟೆ ಮಳೆ ಬೆಳೆ ಮಾತಾಡಿದರಂತೆ.

ನಿಂಗರಾಜು ಒಂದು ವಿಮಾನ ಕಟ್ಟಿದ. ಜೂನಿನಲ್ಲಿ ಬಿಗಿ ಸ್ವಲ್ಪ ಸಡಿಲವಾದಾಗ ಮೇಷ್ಟ್ರ ಬೀದಿಗೆ ಮಾತ್ರ ಕಟ್ಟಿಗೆ ಅಡ್ಡ ಕಟ್ಟಿ ಸೀಲ್ ಮಾಡಿದ್ದರು. ಕಾಯುವ ತಾಳ್ಮೆ ನಿಂಗರಾಜುವಿಗಿರಲಿಲ್ಲ. ಪರೀಕ್ಷೆಯನ್ನು ಫೋನಿನಲ್ಲೇ, ವಿಡಿಯೋದಲ್ಲೇ ಮಾಡಿದರು. ಮನೆಯಲ್ಲಿ ಬೆಳಕು ಬಾಗಿಲ ಕಡೆ. ವಿಮಾನದ ಮೂತಿಯೂ ಬಾಗಿಲ ಕಡೆ. ಫೋನನ್ನು ಮೂತಿಯ ಮುಂದೆ ಲೋಟಕ್ಕೆ ಒರಗಿಸಿ ಇಟ್ಟ. ಮೇಷ್ಟ್ರು ಕಂಡದ್ದನ್ನೇ ಹೇಳಿದರು; ಆದರೆ ಎದುರಿನಿಂದ ಕಂಡದ್ದನ್ನು. ಎದುರಿನಿಂದ ನೋಡಿದವರಿಗೆ ವಿಮಾನದ ಬಲ ಎಡವಾಗುತ್ತದೆ. ಅದು ಇಬ್ಬರಿಗೂ ಹೊಳೆಯಲಿಲ್ಲ. ಸರಿಯಾಗಿದ್ದುದನ್ನು ನಿಂಗರಾಜು ರಿಮೋಟಿನಲ್ಲಿ ಉಲ್ಟಾ ಮಾಡಿಕೊಂಡು ಕಟ್ಟಳೆ ಮೀರಿ ಒಬ್ಬನೇ ಕೆರೆಗೆ ಹೋದ. ಕೈಬಿಟ್ಟ ಮೇಲೆ ಎಣಿಸಿ ಆರು ಸೆಕೆಂಡು. ಎಡಕ್ಕೆ ವಾಲಿದ್ದನ್ನು ನೆಟ್ಟಗೆ ಮಾಡಲು ಬಲಕ್ಕೆ ಒತ್ತಿದ. ಅದು ಇನ್ನಷ್ಟು ಎಡಕ್ಕೆ ವಾಲಿ, ಮಗುಚಿ, ಏರಿಗೆ ಬಡಿಯಿತು.

"ಫೋನು ನಂಬಬಾರದು ಮೇಷ್ಟ್ರೇ," ಎಂದ ಅವತ್ತು, ಮುರಿದ ರೆಕ್ಕೆಯನ್ನು ಕ್ಯಾಮೆರಾಕ್ಕೆ ತೋರಿಸುತ್ತ. "ಇನ್ ಮ್ಯಾಕೆ ಏನೇ ಆಗ್ಲಿ, ಇಂದೆ ಒಬ್ರು ನಿಂತೇ ನೋಡ್ಬೇಕು."

ಮೇಷ್ಟ್ರು ನಗುತ್ತ ಹೂಂ ಅಂದಿದ್ದರು.

ಎರಡನೇ ವರ್ಷದ ಲಾಕ್‌ಡೌನಿಗೆ ಮೊದಲನೆಯದರ ಹುಡುಗಾಟ ಇರಲಿಲ್ಲ. ದಿನ ಬೆಳಗಾದರೆ ಗೊತ್ತಿದ್ದವರ ಫೋಟೋ, ಕೆಳಗೆ ಕೈಮುಗಿದ ಚಿಹ್ನೆ. ಮೇಷ್ಟ್ರ ಹೆಂಡತಿ ಇಂದ್ರಾಣಿ ಆಶಾ ಕಾರ್ಯಕರ್ತೆ. ಬೆಳಿಗ್ಗೆ ಏಳಕ್ಕೆ ಹೊರಟರೆ ಮನೆಮನೆ ಬಾಗಿಲಲ್ಲಿ ನಿಂತು, ಹಣೆಗೆ ಹಿಡಿಯುವ ಜ್ವರದ ಯಂತ್ರ, ಬೆರಳಿಗೆ ಸಿಕ್ಕಿಸುವ ಯಂತ್ರ ಹಿಡಿದು, ಪಟ್ಟಿ ಬರೆದು, ಮಧ್ಯಾಹ್ನ ಮೂರಕ್ಕೆ ಬಂದು ಬಚ್ಚಲಲ್ಲೇ ಸೀರೆ ನೆನೆಹಾಕಿ ಒಳಗೆ ಬರುತ್ತಿದ್ದಳು. ಆಸ್ಪತ್ರೆಯಲ್ಲಿ ಔಷಧಿ ಬಂದ ಖಾಲಿ ಥರ್ಮೋಕೋಲ್ ಪೆಟ್ಟಿಗೆಗಳನ್ನು ಎಸೆಯುತ್ತಿದ್ದರು. ಅವನ್ನು ಕೇಳಿ ಇಸಿದುಕೊಂಡು, ತೊಳೆದು, ಬಿಸಿಲಿಗಿಟ್ಟು ಗಂಡನಿಗೆ ಕೊಟ್ಟಳು. ವಿಮಾನಕ್ಕೆ ಬೇಕಾದ ಹಗುರ ಮರ ಬೆಂಗಳೂರಿನಿಂದ ಬರುವುದು ನಿಂತು ಹೋಗಿತ್ತು. ಮೇಷ್ಟ್ರು ಕಾಯಿಸಿದ ತಂತಿಯಿಂದ ಥರ್ಮೋಕೋಲ್ ಕೊಯ್ದು ರೆಕ್ಕೆ ಮಾಡಿದರು. ಹಳೇ ಕೊಡೆಯ ಕಡ್ಡಿ ಒಳಗೆ ತೂರಿಸಿದರು. ಮೇಲೆ ಡ್ರಾಯಿಂಗ್ ಕಾಗದ ಅಂಟಿಸಿ ಕಪಿಲೆಯ ದಡದ ಬೆಳ್ಳಕ್ಕಿಯ ಬಣ್ಣ ಕೊಟ್ಟರು. ರೆಕ್ಕೆಯ ಅಡಿಯಲ್ಲಿ ಇನ್ನೂ ‘ತಂಪಾದ ಜಾಗದಲ್ಲಿಡಿ’ ಎಂಬ ಅಕ್ಷರ ಮಸುಕಾಗಿ ಕಾಣುತ್ತಿತ್ತು. ಅಳಿಸಲಿಲ್ಲ.

ಮೋಟಾರು, ಪಟ್ಟಿಗಳನ್ನು ಅಲ್ಲಾಡಿಸುವ ಪುಟ್ಟ ಮೋಟಾರುಗಳು, ವೈರು ಎಲ್ಲ ನಿಂಗರಾಜು ಹೊಂದಿಸಿ ಮಾದೇಶನ ವ್ಯಾನಿನಲ್ಲಿ ಕಳಿಸಿದ. ಚೆಕ್‌ಪೋಸ್ಟಿನಲ್ಲಿ ಪೊಲೀಸಿನವರು ಡಬ್ಬ ತೆರೆದು, ಇದೇನೋ ಎಂದರೆ ಮಾದೇಶ, "ಯಂತ್ರದ ಹಕ್ಕಿ ಸಾರ್, ಇನ್ನೂ ಬಿಡಿಬಿಡಿಯಾಗಿದೆ," ಎಂದನಂತೆ. ಅವರು ನಕ್ಕು, ಡಬ್ಬಕ್ಕೆ ಹೊಸ ಟೇಪು ಸುತ್ತಿ ಕಳಿಸಿದರಂತೆ.

ಮೇಷ್ಟ್ರು ಎಲ್ಲ ಕೂಡಿಸಿದ್ದಾಯಿತು. ಉಳಿದದ್ದು ಪರೀಕ್ಷೆ.

"ಫೋನಿನಲ್ಲೇ ನೋಡೋಣ ಬಿಡಿ ನಿಂಗರಾಜಣ್ಣ," ಎಂದರು ಮೇಷ್ಟ್ರು. "ಈ ಸಲ ಕ್ಯಾಮೆರಾ ಬಾಲದ ಹಿಂದೇನೇ ಇಟ್ಟರಾಯ್ತು."

"ಬ್ಯಾಡ. ನಾನೇ ಬತ್ತೀನಿ. ರಿಮೋಟ್ ನಾನ್ ಇಡ್ಕತೀನಿ, ನೀವು ಇಂದೆ ನಿಂತ್ಕಳಿ. ಅತ್ ನಿಮಿಸದ ಕೆಲ್ಸ. ವೈರೂ ಒಂದು ದಪ ನೋಡ್ದಂಗಾಯ್ತದೆ."

ಇಪ್ಪತ್ತು ದಿನದಿಂದ ಮೇಷ್ಟ್ರು ಮನೆ ಬಿಟ್ಟು ಹೊರಗೆ ಬಂದಿರಲಿಲ್ಲ; ಸಕ್ಕರೆ ಕಾಯಿಲೆಯವರು, ಇಂದ್ರಾಣಿ ಬಿಟ್ಟಿರಲಿಲ್ಲ. "ಬರ್ತೀರಾ?" ಎಂದ ಅವರ ದನಿ ಹೇಗಿತ್ತೆಂದರೆ, ಆಮೇಲೆ ಬರುವುದಿಲ್ಲ ಎಂದು ಹೇಳಲು ನಿಂಗರಾಜುವಿನಿಂದ ಆಗುತ್ತಿರಲಿಲ್ಲ. ಅವತ್ತು ಬೆಳಿಗ್ಗೆ ಮೈ ಬೆಚ್ಚಗಾದಾಗಲೂ ಆಗಲಿಲ್ಲ.

ಬಾಗಿಲಲ್ಲೇ ಇಂದ್ರಾಣಿ ಅವನ ಕೈಗೆ ಸ್ಯಾನಿಟೈಸರ್ ಸುರಿದಳು. ಹಣೆಗೆ ಜ್ವರದ ಯಂತ್ರ ಹಿಡಿದು ಒತ್ತಿದಳು. ಇನ್ನೊಮ್ಮೆ ಒತ್ತಿದಳು. "ಒಳಗೆ ಬನ್ನಿ ಅಣ್ಣ," ಎಂದಳು. ಮಾತ್ರೆ ಕೆಲಸ ಮಾಡಿದೆ ಎಂದುಕೊಂಡ ನಿಂಗರಾಜು.

ಮೇಷ್ಟ್ರು ಗಡ್ಡ ಬೋಳಿಸಿಕೊಂಡು, ಇಸ್ತ್ರಿ ಮಾಡಿದ ಶರ್ಟು ತೊಟ್ಟು ಕೂತಿದ್ದರು. ವಿಮಾನ ಟೇಬಲ್ಲಿನ ಮೇಲೆ ಕೊಕ್ಕರೆಯಂತೆ ಬೆಳ್ಳಗೆ ನಿಂತಿತ್ತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುವ ಮೊದಲು ಅದನ್ನೇ ನೋಡಿದರು. ನಿಂಗರಾಜು ವೈರು ನೋಡಿದ. ರಿಮೋಟ್ ಹಿಡಿದ. ಮೇಷ್ಟ್ರು ಬಾಲದ ಹಿಂದೆ ಬಗ್ಗಿ ನಿಂತರು.

"ಬಲ," ಎಂದ ನಿಂಗರಾಜು, ಮಾಸ್ಕಿನೊಳಗಿನಿಂದ.

"ಏನಂದಿರಿ? ಮಾಸ್ಕಿನೊಳಗೇ ಗುಡುಗುಡು ಅಂದರೆ ಹೇಗೆ? ಇಳಿಸಿ ಹೇಳಿ ಮಾರಾಯ್ರೆ, ಎರಡು ನಿಮಿಷ."

ನಿಂಗರಾಜು ಮಾಸ್ಕನ್ನು ಗಲ್ಲಕ್ಕೆ ಇಳಿಸಿದ. ಬಲ, ಎಡ, ಮೇಲೆ, ಕೆಳಗೆ. ಎಲ್ಲ ಸರಿಯಿತ್ತು. ಆಮೇಲೆ ಇಬ್ಬರೂ ತಲೆಗೆ ತಲೆ ತಾಗಿಸಿಕೊಂಡು ಬಾಲದ ತಿರುಗಣಿಯ ಸ್ಕ್ರೂ ಒಂದನ್ನು ಬಿಗಿ ಮಾಡಿದರು. ಹತ್ತು ನಿಮಿಷದ್ದು ಮುಕ್ಕಾಲು ಗಂಟೆಯಾಯಿತು. ಇಂದ್ರಾಣಿ ಕೊಟ್ಟ ಕಾಫಿ ಕುಡಿದು, ಮಾದೇಶನ ಹಾರನ್ ಕೇಳಿ ಎದ್ದ.

ಮೂರನೇ ದಿನಕ್ಕೆ ನಿಂಗರಾಜು ನೆಲ ಹಿಡಿದ. ಐದನೇ ದಿನಕ್ಕೆ ಮೇಷ್ಟ್ರು.

ನಿಂಗರಾಜುವಿನದು ಮನೆಯಲ್ಲೇ ಮುಗಿಯಿತು. ರಾಚಮ್ಮ ಬಾಗಿಲ ಸಂದಿಯಿಂದ ಗಂಜಿ ತಳ್ಳುತ್ತಿದ್ದಳು. ದಿನಾ ಬೆಳಿಗ್ಗೆ ಕಾಂಪೌಂಡಿನ ಮೇಲೆ ಯಾರೋ ಎರಡು ಎಳನೀರು ಇಟ್ಟು ಹೋಗುತ್ತಿದ್ದರು. ಯಾರೆಂದು ಇವತ್ತಿಗೂ ಗೊತ್ತಾಗಿಲ್ಲ. ಮೇಷ್ಟ್ರ ಉಸಿರು ಮಾತ್ರ ಇಳಿಯುತ್ತ ಹೋಗಿ ಮೈಸೂರಿಗೆ ಸೇರಿಸಬೇಕಾಯಿತು. ಅಲ್ಲಿಂದ ಒಂದು ಧ್ವನಿ ಸಂದೇಶ ಬಂತು. ಪದಕ್ಕೊಂದು ಏದುಸಿರು.

"ನಿಂಗರಾಜಣ್ಣ... ಬ್ಯಾಟರಿ... ಅರ್ಧಕ್ಕೆ ಇಳಿಸಿಟ್ಟಿದೀರಾ? ಹೋದ ವರ್ಷದ ಹಂಗೆ... ಮರೀಬೇಡಿ."

ಇಳಿಸಿಟ್ಟಿದ್ದೀನಿ ಮೇಷ್ಟ್ರೇ ಎಂದು ನಿಂಗರಾಜು ಕಳಿಸಿದ. ಎರಡು ಟಿಕ್ಕು ಬಿದ್ದವು. ನೀಲಿಯಾಗಲಿಲ್ಲ.

ಮಣ್ಣಿಗೆ ಯಾರೂ ಹೋಗುವಂತಿರಲಿಲ್ಲ. ಬಿಳಿ ಗವುಸಿನ ನಾಲ್ಕು ಜನ ಇಳಿಸಿದರು. ಇಂದ್ರಾಣಿ ಐವತ್ತು ಅಡಿ ಆಚೆ ನಿಂತಿದ್ದಳು. ಅವರಲ್ಲಿ ಒಬ್ಬರು ಕೆಲಸ ನಿಲ್ಲಿಸಿ, "ತಲೆ ಯಾವ ಕಡೆಗಮ್ಮ, ನಿಮ್ಮ ಪದ್ಧತಿ ಹೇಗೆ ಹೇಳಿ," ಎಂದು ಕೂಗಿ ಕೇಳಿದರಂತೆ. ಅವಳು ಕೈ ತೋರಿಸಿದಳಂತೆ. ಅವರು ಹಾಗೆಯೇ ಮಾಡಿದರಂತೆ. ಇದನ್ನೆಲ್ಲ ನಿಂಗರಾಜುವಿಗೆ ಹೇಳಿದವನು ಮಾದೇಶ. ಅವತ್ತು ನಿಂಗರಾಜು ಸ್ನಾನಘಟ್ಟದ ಮೆಟ್ಟಿಲ ಮೇಲೆ ಹೋಗಿ ಕೂತ. ಕಪಿಲೆ ತನ್ನ ಪಾಡಿಗೆ ನರಸೀಪುರದ ಕಡೆ ಹರಿಯುತ್ತಿತ್ತು. ನೀರಿಗೆ ಪಾಸು ಬೇಡ.

ಇಂದ್ರಾಣಿಗೆ ಫೋನು ಮಾಡಬೇಕು, ಮಾತ್ರೆಯ ವಿಷಯ ಹೇಳಬೇಕು ಎಂದು ದಿನಾ ಅಂದುಕೊಂಡ. ನಂಬರ್ ಒತ್ತಿ, ಗಂಟೆ ಬಾರಿಸುವ ಮೊದಲೇ ಇಟ್ಟುಬಿಡುತ್ತಿದ್ದ. ಹೇಳಿದರೆ ಅವಳಿಗೆ ಏನು ಸಿಕ್ಕ ಹಾಗಾಯಿತು? ಹೋದ ಗಂಡ ಬರುತ್ತಾನೆಯೇ? ಹೇಳದೆ ಇರುವುದೇ ಪುಣ್ಯದ ಕೆಲಸ ಎಂದು ಒಂದು ದಿನ ತೋರುತ್ತಿತ್ತು. ಮಾರನೇ ದಿನ, ಅದು ಪುಣ್ಯವಲ್ಲ, ಹೆದರಿಕೆ ಎಂದು ಗೊತ್ತಾಗುತ್ತಿತ್ತು. ರಾಚಮ್ಮ, "ಯಾಕ್ರೀ, ತಿನ್ನೋ ಅನ್ನನ ಎಣಿಸ್ತಾ ಕೂತಿದೀರಾ?" ಎಂದರೆ ಒಂದು ತುತ್ತು ಬಾಯಿಗೆ ಹಾಕಿಕೊಳ್ಳುತ್ತಿದ್ದ.

ಜುಲೈಯಲ್ಲಿ ಮೈಸೂರು ಜಿಲ್ಲೆಗೂ ಬಾಗಿಲು ತೆಗೆದರು. ಆ ವಾರವೇ ಇಂದ್ರಾಣಿಯ ಫೋನು ಬಂತು.

"ಅಣ್ಣ, ಆ ವಿಮಾನ ಮಂಚದ ಮೇಲೇನೇ ನೇತುಹಾಕಿದಾರೆ. ಅದರ ಕೆಳಗೆ ಮಲಗೋಕೆ ಆಗ್ತಿಲ್ಲ. ತೆಗೆದು ಎಸೆಯೋಕೂ ಆಗ್ತಿಲ್ಲ. ಒಂದು ಸಲ ಹಾರಿಸಿಬಿಡಿ. ಹಾರೋದನ್ನ ನೋಡಿದರೆ ನನಗೆ ಸಾಕು. ಭಾನುವಾರ ಮಾದೇಶಣ್ಣನ ವ್ಯಾನಿನಲ್ಲಿ ತರ್ತೀನಿ."

ಆಗಲವ್ವ ಎಂದ. ಎದುರಿಗೆ ಸಿಕ್ಕಾಗ ಹೇಳುತ್ತೇನೆ ಎಂದುಕೊಂಡ. ಹಾರಿಸಿದ ಮೇಲೆ ಹೇಳುತ್ತೇನೆ ಎಂದುಕೊಂಡ. ಅವಳು ಒಂದು ಸಲ ನೋಡಿ ಸಂತೋಷಪಟ್ಟ ಮೇಲೆ ಹೇಳುವುದಾದರೂ ಹೇಗೆ ಎಂದೂ ಅಂದುಕೊಂಡ.

ಭಾನುವಾರ ಬೆಳಿಗ್ಗೆ ಕೆರೆಯ ಅಂಗಳದಲ್ಲಿ ಮಂಜಿರಲಿಲ್ಲ, ಗಾಳಿಯೂ ಅಷ್ಟಾಗಿರಲಿಲ್ಲ. ಹಾರಿಸಲು ಹೇಳಿ ಮಾಡಿಸಿದ ಹೊತ್ತು. ತಿಮ್ಮಯ್ಯ ನಸುಕಿಗೇ ಬಂದು, ಎರಡು ಮುಂಗಾರು ಮಳೆಗೆ ಎದ್ದಿದ್ದ ಕಳೆಯನ್ನು ನಲವತ್ತು ಅಡಿ ಉದ್ದಕ್ಕೆ ಕಿತ್ತು ಹಸನು ಮಾಡಿಟ್ಟಿದ್ದ. ರಾಜೇಂದ್ರ ಬಂದಿರಲಿಲ್ಲ, ಚೌಟ್ರಿಯಲ್ಲಿ ಲಸಿಕೆ ಹಾಕುವ ಕೇಂದ್ರ ಮಾಡಿದ್ದರು.

ವ್ಯಾನು ಬಂತು. ಹಾಲಿನ ಕ್ಯಾನುಗಳ ನಡುವೆ ಇಂದ್ರಾಣಿ ವಿಮಾನವನ್ನು ಮಡಿಲಲ್ಲಿ ಹಿಡಿದುಕೊಂಡು ಕೂತಿದ್ದಳು. ಆಶಾ ಕೆಲಸದ ಗುಲಾಬಿ ಸೀರೆ, ಹೆಗಲಲ್ಲಿ ಬ್ಯಾಗು. ಇಲ್ಲಿಂದ ನೇರ ಡ್ಯೂಟಿಗೆ ಹೋಗುವವಳು. ವಿಮಾನ ಹಿಡಿದೇ ಇಳಿದಳು. ಅವಳು ಎರಡೇ ತಿಂಗಳಲ್ಲಿ ಸೊರಗಿದ್ದನ್ನು ಅವನು ನೋಡಿದ. ಅವನ ಶರ್ಟು ಜೋತು ಬಿದ್ದದ್ದನ್ನು ಅವಳು ನೋಡಿದಳು.

ನಿಂಗರಾಜು ವಿಮಾನವನ್ನು ನೆಲದ ಮೇಲಿಟ್ಟು ಬ್ಯಾಟರಿ ಸಿಕ್ಕಿಸಿದ. ನಿನ್ನೆ ಸಂಜೆ ಪೂರ್ತಿ ತುಂಬಿಸಿದ್ದು. ರಿಮೋಟ್ ಕೈಗೆ ತೆಗೆದುಕೊಂಡು ತಿಮ್ಮಯ್ಯನ ಕಡೆ ನೋಡಿದ.

"ಬಾಲದ ಇಂದೆ ನಿಂತ್ಕಳಪ್ಪ."

"ನಾನ್ ನಿಲ್ತೀನಿ," ಎಂದಳು ಇಂದ್ರಾಣಿ. ಬ್ಯಾಗನ್ನು ಮಾದೇಶನ ಕೈಗೆ ಕೊಟ್ಟು, ಸೆರಗು ಸಿಕ್ಕಿಸಿಕೊಂಡು ಬಾಲದ ಹಿಂದೆ ಹೋಗಿ ಕುಕ್ಕರುಗಾಲಿನಲ್ಲಿ ಕೂತಳು. "ಗೊತ್ತು ನನಗೆ. ಮನೆಯಲ್ಲಿ ಎಷ್ಟು ಸಲ ನಿಲ್ಲಿಸಿದಾರೆ. ಕಂಡಿದ್ದು ಹೇಳಬೇಕು, ಬೇಕಾದ್ದು ಹೇಳಬಾರದು. ಸರಿ ತಾನೆ?"

"ಸರಿ ಕಣವ್ವ." ನಿಂಗರಾಜು ಕಡ್ಡಿಯನ್ನು ಒತ್ತಿದ. "ಬಲ."

ಅವಳು ತುಂಬ ಹೊತ್ತು ನೋಡಿದಳು.

"ಬಲಗಡೇದು ಎದ್ದಿತು," ಎಂದಳು. "ಎಡಗಡೇದು ಸುಮ್ಮನಿದೆ."

"ಸುಮ್ಕದಾ? ಸರ್ಯಾಗ್ ನೋಡವ್ವ. ಇಳ್ದಿರ್ಬೇಕು." ಇನ್ನೊಮ್ಮೆ ಒತ್ತಿದ.

"ಇಳೀಲಿಲ್ಲ."

"ಎಡ."

"ಬಲಗಡೇದು ಇಳೀತು. ಎಡಗಡೇದು ಅಲ್ಲಾಡಲಿಲ್ಲ ಅಣ್ಣ."

ನಿಂಗರಾಜು ಬಗ್ಗಿ ನೋಡಿದ. ರೆಕ್ಕೆಯ ಎಡಭಾಗದ ಅಡಿಯಲ್ಲಿ ಕಾಗದ ಹರಿದು, ಒಳಗಿನ ವೈರು ಎರಡು ಕಡೆ ತುಂಡಾಗಿತ್ತು. ಇಲಿಯ ಹಲ್ಲು. ಎರಡು ತಿಂಗಳು ನೇತುಬಿದ್ದ ಥರ್ಮೋಕೋಲಿನೊಳಗೆ ಗೂಡು ಮಾಡಲು ನೋಡಿದೆ.

"ಒಂದೇ ಕಡೇದರಲ್ಲಿ ಆರಾಕಿಲ್ವಾ?" ಎಂದ ತಿಮ್ಮಯ್ಯ ಮೆಲ್ಲಗೆ. ಹಾರುತ್ತದೆ. ಗಾಳಿಯಿಲ್ಲ, ವಿಮಾನ ಹಗುರ, ಬಾಲದ ಪಟ್ಟಿ ಸರಿಯಿದೆ. ಎರಡು ಸುತ್ತು ಹಾರಿಸಿ ಇಳಿಸಬಹುದಿತ್ತು. ಅದು ನಿಂಗರಾಜುವಿಗೆ ಗೊತ್ತಿತ್ತು, ತಿಮ್ಮಯ್ಯನಿಗೆ ಗೊತ್ತಿತ್ತು. ಹತ್ತು ವರ್ಷ ಗಂಡನ ಬಾಯಲ್ಲಿ ಕೇಳಿದ ಇಂದ್ರಾಣಿಗೂ ಗೊತ್ತಿರಬೇಕು.

ಅವಳು ಎದ್ದು ಮೊಣಕಾಲಿನ ಮಣ್ಣು ಒದರಿದಳು. ಕಣ್ಣು ತುಂಬಿತ್ತು. "ಸರಿಯಾಗಿದೆ ಅಂತ ಹೇಳಬೇಕು ಅಂತ ತುಂಬ ಅನ್ನಿಸ್ತು ಅಣ್ಣ," ಎಂದಳು. "ಆದರೆ ಅಲ್ಲಾಡಲಿಲ್ಲವಲ್ಲ."

ನಿಂಗರಾಜು ರಿಮೋಟ್ ಆಫ್ ಮಾಡಿದ. ತಿಮ್ಮಯ್ಯ, ಮಾದೇಶ ಇಬ್ಬರೂ ಅಲ್ಲೇ ನಿಂತಿದ್ದರು. ಅವರು ಇದ್ದದ್ದೂ ಅವನಿಗೆ ಮರೆತುಹೋಯಿತು.

"ಇಂದ್ರಾಣವ್ವ. ಅವತ್ತು ನಾನು ಜ್ವರದ ಮಾತ್ರೆ ನುಂಗ್ಕಂಡು ಬಂದಿದ್ದೆ. ಮೈ ಬೆಚ್ಚಗಿತ್ತು. ಗೊತ್ತಿದ್ದೂ ಬಂದೆ."

ಅವಳು ಕೇಳಿಸಲೇ ಇಲ್ಲವೆಂಬಂತೆ ವಿಮಾನವನ್ನೇ ನೋಡುತ್ತಿದ್ದಳು. ಏರಿಯ ಮೇಲೆ ಯಾರದೋ ಎಮ್ಮೆಗಳು ಸಾಲಾಗಿ ದಾಟಿದವು.

"ಒಂದು ಫೋನು," ಎಂದಳು ಕೊನೆಗೆ. ದನಿ ಏರಲಿಲ್ಲ, ಏರಿದ್ದರೆ ಚೆನ್ನಾಗಿತ್ತು. "ಒಂದು ಫೋನು ಮಾಡಿ, ಇವತ್ತು ಆಗಲ್ಲ ಅಂದಿದ್ದರೆ ಆಗಿತ್ತು. ಬರೋ ವಾರ ಅಂದಿದ್ದರೆ ಅವರು ಕಾಯ್ತಿದ್ದರು. ಕಾಯೋದೇ ಕೆಲಸ ಆಗಿತ್ತು ಅವರಿಗೆ."

"ಊಂ."

"ಊಂ ಅನ್ನಬೇಡಿ."

ಅವನು ಕಳೆಯ ಗುಡ್ಡೆಯ ಪಕ್ಕ ಕೂತುಬಿಟ್ಟ. ತಿಮ್ಮಯ್ಯ ಒಂದು ಹೆಜ್ಜೆ ಮುಂದೆ ಬಂದವನು ಹಾಗೆಯೇ ನಿಂತ. ಮಾದೇಶ ಇಂದ್ರಾಣಿಯ ಬ್ಯಾಗನ್ನು ಎರಡೂ ಕೈಯಲ್ಲಿ ಎದೆಗವಚಿಕೊಂಡು ನೆಲ ನೋಡುತ್ತಿದ್ದ.

ಇಂದ್ರಾಣಿ ಮತ್ತೆ ಕೂತು ವಿಮಾನದ ಬ್ಯಾಟರಿಯ ವೈರನ್ನು ತಾನೇ ಕಳಚಿದಳು, ಗಂಡ ಕಲಿಸಿದ ಹಾಗೆ, ಕೆಂಪನ್ನು ಬೆರಳಿನಲ್ಲಿ ಮುಚ್ಚಿಕೊಂಡು. ಅದನ್ನು ಮಾಡಿ ಮುಗಿಸಿದ ಮೇಲೆ, ಅವನ ಕಡೆ ತಿರುಗದೆಯೇ ಹೇಳಿದಳು.

"ಅವತ್ತು ಬಾಗಿಲಲ್ಲಿ ಮೊದಲನೇ ಸಲ ಒತ್ತಿದಾಗ ನೂರು ಪಾಯಿಂಟ್ ಎರಡು ತೋರಿಸಿತ್ತು."

ನಿಂಗರಾಜು ತಲೆಯೆತ್ತಿದ.

"ಆ ಯಂತ್ರ ಬಿಸಿಲಿಗೆ ಒಂದೊಂದು ಸಲ ಹೆಚ್ಚು ತೋರಿಸುತ್ತೆ. ಇನ್ನೊಂದು ಸಲ ಒತ್ತಿದೆ. ತೊಂಬತ್ತೆಂಟು ಚಿಲ್ಲರೆ ಬಂತು. ದಿನಾ ಅರವತ್ತು ಮನೆ ಬಾಗಿಲಲ್ಲಿ, ಮೊದಲನೇದು ಹೆಚ್ಚು ಬಂದರೆ ಹತ್ತು ನಿಮಿಷ ನೆರಳಲ್ಲಿ ಕೂರಿಸಿ ಮತ್ತೆ ನೋಡ್ತಿದ್ದವಳು ನಾನು. ಅವತ್ತು ಕೂರಿಸಲಿಲ್ಲ. ಒಳಗೆ ಅವರು ಶರ್ಟಿಗೆ ಇಸ್ತ್ರಿ ಹಾಕ್ಕೊಂಡು ಕೂತಿದ್ರು. ಬೆಳಿಗ್ಗೆ ನಾಲ್ಕಕ್ಕೇ ಎದ್ದಿದ್ರು ಅಣ್ಣ. ನಾನು ಎರಡನೇದನ್ನ ನಂಬಿದೆ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಅಷ್ಟರಲ್ಲಿ ಮಾದೇಶ ಬ್ಯಾಗನ್ನು ಕೆಳಗಿಟ್ಟು ವ್ಯಾನಿನಿಂದ ಒಂದು ಬಾಟಲಿ ನೀರು ತಂದು, ಅವಳ ಕೈಗೆ ಕೊಡದೆ, ಕೈಗೆ ಸಿಗುವ ಹಾಗೆ ಪಕ್ಕದಲ್ಲಿಟ್ಟು ದೂರ ಹೋದ.

ನಿಂಗರಾಜುವಿಗೆ ಏನೋ ಹೇಳಬೇಕೆನಿಸಿತು. ನಿನ್ನದೇನೂ ತಪ್ಪಿಲ್ಲ ಕಣವ್ವ ಎನ್ನಲು ಬಾಯಿ ತೆರೆದ. ಆದರೆ ಅದು ಕಂಡದ್ದೋ ಬೇಕಾದದ್ದೋ ಅವನಿಗೇ ತಿಳಿಯಲಿಲ್ಲ. ಬಾಯಿ ಮುಚ್ಚಿದ.

ಹಾಲಿಗೆ ಹೊತ್ತಾಗುತ್ತಿತ್ತು. ಇಂದ್ರಾಣಿ ನೀರು ಕುಡಿದು ಎದ್ದಳು. ವಿಮಾನವನ್ನು ಎತ್ತಿ ವ್ಯಾನಿನ ಕಡೆ ಎರಡು ಹೆಜ್ಜೆ ಇಟ್ಟವಳು ನಿಂತು, ತಿರುಗಿ ಬಂದು ನಿಂಗರಾಜುವಿನ ಮುಂದೆ ಇಟ್ಟಳು.

"ವೈರು ಬದಲಾಯಿಸಿ. ನನ್ನ ಮನೆಯಲ್ಲಿ ಇಲಿ ಇದೆ."

"ಆಗ್ಲವ್ವ."

"ಮುಂದಿನ ಭಾನುವಾರ ಬರೋಕಾಗುತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಬಂದರೆ ಹಿಂದೆ ನಿಲ್ತೀನಿ. ನಾನಿಲ್ಲದೆ ಹಾರಿಸಬೇಡಿ."

ಬ್ಯಾಗು ಹೆಗಲಿಗೇರಿಸಿಕೊಂಡಳು. ಅದರೊಳಗೆ ಕೈ ಹಾಕಿ 'ಬಂದೂಕು' ಎಂದು ಊರೆಲ್ಲ ಕರೆಯುವ ಆ ಜ್ವರದ ಯಂತ್ರ ತೆಗೆದಳು. ಕೂತಿದ್ದ ನಿಂಗರಾಜುವಿನ ಹಣೆಗೆ ಹಿಡಿದಳು. ಅವನು ಕಣ್ಣು ಮುಚ್ಚಿಕೊಂಡ. ಅವಳು ಒಂದೇ ಸಲ ಒತ್ತಿದಳು.

"ತೊಂಬತ್ತೇಳು ಪಾಯಿಂಟ್ ಆರು," ಎಂದು ಓದಿ ಹೇಳಿ, ವ್ಯಾನು ಹತ್ತಿದಳು.